ಶಿಲುಬೆ ಅಚ್ಚಿನ ಬ್ರೆಡ್ಡು

"ಬ್ರೆಡ್ಡನ್ನ ಬೋರಲಿಡ್ತಿದ್ದೀರಲ್ರೀ! ನನ್ನ ಅಂಗಡಿಗೆ ಶಾಪ ಹಾಕೋಕೆ ಬಂದ್ರಾ?"

ಬ್ರೆಡ್ಡಂಗಡಿಯ ಎರ್ಸೀಲಿಯಾಳ ಕೂಗಿಗೆ ಕ್ವಿರೀನೋ ಬೆಚ್ಚಿಬಿದ್ದ. ಗುಡ್ಡದ ಮೇಲಿನ ಹಾಳು ಬೆನೆಡಿಕ್ಟಿನ್ ಕ್ರೈಸ್ತ ಮಠದ ಉತ್ಖನನಕ್ಕೆ ಬಂದವನು ಅವನು. ಇಟಲಿಯ ಮೋಲಿಸೆ ಪ್ರಾಂತ್ಯದ ಆ ಹಳ್ಳಿಯಲ್ಲಿ ಬ್ರೆಡ್ಡನ್ನು ಬೋರಲಿಟ್ಟರೆ ಆ ಮನೆಗೆ ಕೇಡು ಬಯಸಿದಂತೆ!

"ತಪ್ಪಾಯ್ತು... ತಳದಲ್ಲಿರೋ ಈ ಶಿಲುಬೆ ಅಚ್ಚು ಎಲ್ಲಿಂದ ಬಂತು?"

"ಒಲೆ ತಳದ ಚಪ್ಪಡಿಯಿಂದ. ಮಠ ಬಿದ್ದಾಗ ನಮ್ಮ ಹಿರೀಕರು ಹೊತ್ತು ತಂದದ್ದು. ಊರಿನ ಅರ್ಧ ಮನೆ ಮಠದ ಕಲ್ಲೇ. ಏನೀಗ?"

ಅವನು ನಕ್ಕ. ಆ ನಗುವಿಗೆ ತನ್ನ ಸಿಟ್ಟು ಕರಗಿದ್ದು ಅವಳಿಗೇ ಹಿಡಿಸಲಿಲ್ಲ!

ಅಂದಿನಿಂದ ಅವನು ದಿನಾ ಬಂದ. ಮೈತುಂಬ ಮಣ್ಣು, ಬಾಯ್ತುಂಬ ಮಾತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವಳು ಅವನಿಗೆಂದೇ ಒಂದು ಬ್ರೆಡ್ಡು ತೆಗೆದಿಡತೊಡಗಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಲಾರಿ ಬಂತು.

"ಆ ಚಪ್ಪಡಿ ಮ್ಯೂಸಿಯಂಗೆ ಹೋಗ್ಬೇಕು. ಒಲೆ ಒಡೀತೀವಿ," ಎಂದ ಉತ್ಖನನದ ಮುಖ್ಯಸ್ಥ ಸಾಂತೊರೆಲ್ಲಿ.

ಎರ್ಸೀಲಿಯಾ ಒಲೆಗೆ ಅಡ್ಡ ನಿಂತಳು. ಅಮ್ಮ ಬಿಟ್ಟುಹೋದದ್ದು ಈ ಒಲೆಯೊಂದೇ. 'ಕ್ವಿರೀನೋನೇ ಹೇಳಿರ್ಬೇಕು... ದಿನಾ ಬಂದದ್ದು ನನಗಾಗಿ ಅಲ್ಲ, ಕಲ್ಲಿಗಾಗಿ!'

ಅವಳು ಅಳಲಿಲ್ಲ. ಒಲೆಗೆ ಸೌದೆ ತುರುಕಿ ಉರಿ ಹೆಚ್ಚಿಸಿದಳು.

"ಕಾದು ಕೆಂಡ ಆಗಿದೆ. ಧೈರ್ಯ ಇದ್ರೆ ಮುಟ್ಟಿ!"

"ಸೌದೆ ಮುಗಿಯಲ್ವೇನಮ್ಮ? ನಾವು ಕಾಯ್ತೀವಿ."

ವಾರದ ಕೊನೆಗೆ ಸೌದೆ ಮುಗಿಯಿತು. ಅವಳು ಅಂಗಡಿಯ ಕುರ್ಚಿ ಮುರಿದು ಒಲೆಗೆ ಹಾಕಿದಳು. ಲಾರಿ ಅಲ್ಲೇ ನಿಂತಿತ್ತು, ಪಕ್ಕದಲ್ಲಿ ಸಾಂತೊರೆಲ್ಲಿಯೂ.

ಆಗ ಬಾಗಿಲಲ್ಲಿ ಕ್ವಿರೀನೋ... ಬೆನ್ನ ಮೇಲೆ ಸೌದೆ ಹೊರೆ!

"ಹೇಳಿದ್ದು ನೀವೇ ಅಲ್ವಾ?"

"ನಾನೇ. ಖುಷಿ ತಡೀಲಾರದೆ ಹೇಳ್ಬಿಟ್ಟೆ. ಕೀಳೋಕೆ ಬರ್ತಾರೆ ಅಂದ್ಕೊಂಡಿರ್ಲಿಲ್ಲ..." ಅವನು ಸಾಂತೊರೆಲ್ಲಿಯತ್ತ ತಿರುಗಿದ. "ಸರ್, ಗುಡ್ಡದ ಮೇಲಿನ ಕಲ್ಲೆಲ್ಲ ತಣ್ಣಗೆ ಬಿದ್ದಿವೆ. ಇದೊಂದು ಇನ್ನೂ ಊರಿನ ಹೊಟ್ಟೆ ತುಂಬಿಸ್ತಿದೆ. ಇನ್ಮೇಲೆ ಸೌದೆ ನಾನು ತರ್ತೀನಿ."

"ನಿನ್ನ ಕೆಲಸ ಹೋಗುತ್ತೆ!"

"ಹೋಗ್ಲಿ ಬಿಡಿ."

ಅವನ ಹಿಂದೆ ನೆರೆಯವರೂ ಸೌದೆ ಹಿಡಿದು ನಿಂತಿದ್ದರು. "ಇವತ್ತು ಇವಳ ಒಲೆ, ನಾಳೆ ನಮ್ಮ ಗೋಡೆ! ಹೊರಡ್ರಿ ಸಾಕು!"

ಲಾರಿ ಖಾಲಿಯೇ ಗುಡ್ಡ ಹತ್ತಿತು.

ಎರ್ಸೀಲಿಯಾ ಬಿಸಿ ಬ್ರೆಡ್ಡು ತೆಗೆದು ಅವನ ಮುಂದೆ ಬೋರಲಿಟ್ಟಳು. "ತಗೋ, ಕಣ್ತುಂಬ ನೋಡು. ಈ ಅಚ್ಚು ನೋಡೋಕೆ ತಾನೆ ದಿನಾ ಬರ್ತಿದ್ದೆ?"

ಅವನು ಮೆಲ್ಲಗೆ ಬ್ರೆಡ್ಡನ್ನು ಸರಿಯಾಗಿ ತಿರುಗಿಸಿಟ್ಟ. "ಮೊದಲ ದಿನ ಮಾತ್ರ. ಆಮೇಲೆ ಬಂದದ್ದು ನಿನ್ನ ಬೈಗುಳ ಕೇಳೋಕೆ... ಎರ್ಸೀಲಿಯಾ, ನೀನಂದ್ರೆ ನಂಗೆ ಪ್ರಾಣ."

ಅವಳ ಕಣ್ಣು ತುಂಬಿತು. ದನಿ ಮಾತ್ರ ತಗ್ಗಲಿಲ್ಲ.

"ಹಾಗಾದ್ರೆ ಜೀವನಪೂರ್ತಿ ಬೈಸ್ಕೋ! ಮೊದಲು ನನಗೊಂದು ಕುರ್ಚಿ ಮಾಡ್ಕೊಡು."

"ಒಂದಾ?"

"...ಎರಡು."