ತೇಪೆ ಹಾಕಿದ ಚೌಕ

ವಿಡಿಯೊ ಇಂಟರ್ನೆಟ್ಟಿನಲ್ಲಿ ಬರುವಾಗ ದಾರಿಯಲ್ಲಿ ಚಿತ್ರದ ಚೂರುಪಾರು ಕಳೆದುಹೋಗುತ್ತದೆ. ಆ ತೂತು ಯಾರ ಕಣ್ಣಿಗೂ ಬೀಳದಂತೆ, ಹಿಂದಿನ ಕ್ಷಣದ ಚಿತ್ರದಿಂದ ಅದೇ ಜಾಗದ ತುಂಡು ತಂದು ತೇಪೆ ಹಾಕುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಹಾಗಾಗಿ ತೇಪೆಯಲ್ಲಿ ಕಾಣುವುದು ಯಾವಾಗಲೂ ಆಗಿಹೋದದ್ದೇ.

ಅವತ್ತು ಮಧ್ಯಾಹ್ನ, ಒಂಟಿಯಾಗಿರುವ ಅಕ್ಕನ ಜೊತೆ ವಿಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದೆ. ಅವಳ ಕೈಯಲ್ಲಿ ಚಹಾದ ಲೋಟವಿತ್ತು. ಪರದೆಯಲ್ಲಿ ಮೇಜಿನ ಜಾಗದಲ್ಲೊಂದು ತೇಪೆಯ ಚೌಕ ಅಲುಗಿತು. ಅದರಲ್ಲಿ ಲೋಟ ಆಗಲೇ ಮೇಜಿನ ಮೇಲಿತ್ತು. ಆಮೇಲೆ ಅಕ್ಕ ಲೋಟ ಇಟ್ಟಳು. ಅವಳ ಬೆನ್ನ ಹಿಂದಿನ ಚೌಕದಲ್ಲಿ ಅಡುಗೆಮನೆಯ ಬಾಗಿಲು ತೆರೆದಿತ್ತು. ಆಮೇಲೆ ಬಾಗಿಲು ತಾನಾಗಿ ತೆರೆಯಿತು. ಮೂರನೆಯ ಚೌಕ ಅಕ್ಕನ ಮುಖದ ಮೇಲೆ ಬಂತು. ಅದರಲ್ಲಿ ಕುರ್ಚಿಯ ಬೆನ್ನು ಮಾತ್ರ ಇತ್ತು.

“ಅಕ್ಕಾ, ಈಗಲೇ ಎದ್ದು ಮನೆಯಿಂದ ಹೊರಗೆ ಹೋಗು!”

“ದಿನವಿಡೀ ಪರದೆ ನೋಡಿ ನೋಡಿ ನಿಂಗೆ ತಲೆ ಕೆಟ್ಟಿದೆ ಕಣೇ,” ಎಂದು ನಗುತ್ತಲೇ ಎದ್ದಳು. “ತಡಿ, ಒಲೆ ಆರಿಸಿ ಬರ್ತೀನಿ.”

ಚಿತ್ರ ತಿಳಿಯಾಯಿತು. ಖಾಲಿ ಕುರ್ಚಿ ನೋಡುತ್ತ ಕೂಗುತ್ತಲೇ ಇದ್ದೆ; ಅಕ್ಕ ಮರಳಿ ಬರಲಿಲ್ಲ.

ಸಿಕ್ಕ ಬಸ್ಸು ಹಿಡಿದು ಸಂಜೆ ಅವಳ ಊರಿಗೆ ಹೋಗಿ, ಪಕ್ಕದ ಮನೆಯವರೊಂದಿಗೆ ಬಾಗಿಲು ಒಡೆದೆ. ಚಿಲಕ ಒಳಗಿನಿಂದಲೇ ಹಾಕಿತ್ತು. ಒಲೆ ಆರಿತ್ತು. ಅಕ್ಕ ಯಾವ ಕೋಣೆಯಲ್ಲೂ ಇರಲಿಲ್ಲ. ಕುರ್ಚಿ ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು.