ಮೇಷ್ಟ್ರು ತಪ್ಪಿದ ಲೆಕ್ಕ

"ಹದಿಮೂರು ಹೇಗೆ ಬಂತು?" ಎಂದು ಮೇಷ್ಟ್ರು ಹುಬ್ಬೇರಿಸಿದರು.

ಕಟಿಂಗ್ ಟೇಬಲ್ಲಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದದ್ದನ್ನು ನಾನು ಮತ್ತೊಮ್ಮೆ ನೋಡಿದೆ. ಆಯತದ ಉದ್ದ ಅಗಲದ ಎರಡರಷ್ಟು, ಸುತ್ತಳತೆ ಮೂವತ್ತಾರು ಇಂಚು. ಅಗಲ x ಅಂದರೆ ಉದ್ದ 2x. ನಾಲ್ಕೂ ಬದಿ ಕೂಡಿಸಿದರೆ 6x. ಅದು ಮೂವತ್ತಾರಾದರೆ x ಆರು. ಅಗಲ ಆರು, ಉದ್ದ ಹನ್ನೆರಡು. ಇಷ್ಟೂ ಸರಿಯಾಗಿಯೇ ಇತ್ತು. ಕೆಳಗೆ ನಾನು ಬರೆದಿದ್ದ ಉತ್ತರ ಮಾತ್ರ ಏಳು ಮತ್ತು ಹದಿಮೂರು.

"ಹೊಲಿಗೆಗೆ ಅಂತ ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಬಿಟ್ಟೆ."

"ಟೈಲರಮ್ಮಾ, ಇದು ಆಯತ ರೀ. ದಿಂಬಿನ ಕವರ್ ಅಲ್ಲ!"

"ಅಂಚು ಬಿಡದೆ ಕತ್ತರಿಸಿ ಕೊಟ್ರೆ ಗಿರಾಕಿಗಳು ಮುಖಕ್ಕೆ ಉಗೀತಾರೆ, ಮೇಷ್ಟ್ರೇ."

ಅವರು ನಕ್ಕರು. ನಗುವಾಗ ಅವರ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆ. ಹಾಳಾದ್ದು, ಅದನ್ನು ಕಂಡರೆ ನನಗೆ ಕಲಿತದ್ದೆಲ್ಲ ಮರೆತುಹೋಗುತ್ತದೆ.

"ಇಬ್ರೂ ಹೀಗೆ ಹಲ್ಲು ಕಿರೀತಾ ಕೂತ್ರೆ ಪಾಸಾದ ಹಾಗೇ!" ಎಂದು ಮೂಲೆಯ ಮೆಷಿನ್ ಹಿಂದಿನಿಂದ ಅತ್ತಿಗೆ ಕೂಗಿದಳು.

ಮೇಷ್ಟ್ರು ಪಕ್ಕದ ಟ್ಯೂಷನ್ ಸೆಂಟರಿನವರು. ಒಂದು ದಿನ ಪ್ಯಾಂಟಿಗೆ ಜಿಪ್ ಹಾಕಿಸಲು ಬಂದಿದ್ದರು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಕಟಿಂಗ್ ಮಾಸ್ಟರ್ ಕೆಲಸಕ್ಕೆ ಗಣಿತದ ಪರೀಕ್ಷೆ ಇಟ್ಟಿದ್ದಾರೆಂದು ನಾನು ಅತ್ತಿಗೆಯ ಮುಂದೆ ಗೋಳಾಡುತ್ತಿದ್ದೆ. ಅದನ್ನು ಕೇಳಿಸಿಕೊಂಡು, "ನಾನು ಹೇಳಿಕೊಡ್ಲಾ?" ಎಂದರು. ಅಂದಿನಿಂದ ಅವರ ಮಧ್ಯಾಹ್ನದ ಬಿಡುವೆಲ್ಲ ನಮ್ಮ ಅಂಗಡಿಯಲ್ಲೇ ಕಳೆಯಿತು.

ಪರೀಕ್ಷೆ ನಾಳೆ. ಅಂದರೆ ಇದೇ ಕೊನೆಯ ಪಾಠ. ಇವತ್ತು ಇವರು ಬಾಯಿ ಬಿಡದಿದ್ದರೆ, ಇನ್ನು ಈ ಮೆಟ್ಟಿಲು ಹತ್ತಲು ಇವರಿಗೆ ನೆಪವೇ ಇರುವುದಿಲ್ಲ. ಜಿಪ್ ಕಿತ್ತುಹೋದ ಪ್ಯಾಂಟು ಒಬ್ಬ ಮನುಷ್ಯನ ಹತ್ತಿರ ಎಷ್ಟು ತಾನೇ ಇರಲು ಸಾಧ್ಯ?

ನನಗೆ ಬಾಯಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಬೀದಿಗೆಲ್ಲ ಕೇಳಿಸುವಷ್ಟಿತ್ತು. ಆದರೆ, "ಪಾಪ ಅಂತ ಪಾಠ ಹೇಳಿಕೊಟ್ರೆ ಹೀಗಾ ಅಂದ್ಕೊಳ್ಳೋದು?" ಎಂದುಬಿಟ್ಟರೆ? ಆಮೇಲೆ ಆ ಮುಖವನ್ನು ಹೇಗೆ ನೋಡಲಿ? ಆ ಭಯಕ್ಕೆ ನಾಲಿಗೆ ಕಟ್ಟಿಹೋಗಿತ್ತು.

"ಭಿನ್ನರಾಶಿ ಒಂದು ನೋಡಿಬಿಡೋಣ," ಎಂದು ಅವರು ನನ್ನ ಕೈಯಿಂದ ಚಾಕ್‌ಪೀಸ್ ತೆಗೆದುಕೊಂಡರು. ನನ್ನ ಬೆರಳು ತಾಕಿತು. ಇಬ್ಬರೂ ತಾಕಲಿಲ್ಲವೆಂಬಂತೆ ಇದ್ದೆವು. "ಒಂದು ಥಾನು ಬಟ್ಟೆ. ಅರ್ಧ ಅಂಗಿಗೆ ಹೋಯ್ತು, ಮೂರನೇ ಒಂದು ಭಾಗ ಫ್ರಾಕಿಗೆ ಹೋಯ್ತು. ಒಟ್ಟು ಎಷ್ಟು ಖರ್ಚಾಯ್ತು? ಮೇಲೆ ಒಂದು ಒಂದು ಕೂಡಿದ್ರೆ ಎರಡು, ಕೆಳಗೆ ಎರಡು ಮೂರು ಕೂಡಿದ್ರೆ ಐದು. ಅಂದ್ರೆ ಐದನೇ ಎರಡು..."

"ಮೇಷ್ಟ್ರೇ, ತಪ್ಪು."

"ಎಲ್ಲಿ?"

"ಐದನೇ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ. ಅಂಗಿಗೇ ಅರ್ಧ ಹೋಗಿದೆ, ಅದರ ಮೇಲೆ ಫ್ರಾಕು ಬೇರೆ. ಕಮ್ಮಿ ಹೇಗಾಗುತ್ತೆ?" ನಾನು ಚಾಕ್‌ಪೀಸ್ ಕಿತ್ತುಕೊಂಡೆ. "ನೀವೇ ಹೇಳಿಕೊಟ್ಟಿದ್ದಲ್ವಾ? ಮೊದಲು ಎರಡಕ್ಕೂ ಕೆಳಗೆ ಆರು ಮಾಡ್ಕೋಬೇಕು. ಅರ್ಧ ಅಂದ್ರೆ ಆರನೇ ಮೂರು. ಮೂರನೇ ಒಂದು ಅಂದ್ರೆ ಆರನೇ ಎರಡು. ಕೂಡಿದ್ರೆ ಆರನೇ ಐದು. ಉಳಿದಿದ್ದು ಆರನೇ ಒಂದೇ ಒಂದು!"

ಹೇಳಿ ಮುಗಿಸಿದ ಮೇಲೆ ನನಗೇ ಖುಷಿ ತಡೆಯಲಾಗಲಿಲ್ಲ. ಒಂದೇ ಉಸಿರಿನಲ್ಲಿ ಮಾಡಿದ್ದೆ! ತಲೆ ಎತ್ತಿದರೆ ಮೇಷ್ಟ್ರ ಕಿವಿಯೆಲ್ಲ ಕೆಂಪಾಗಿತ್ತು.

"ಈ ತಪ್ಪಿಗೆ ನಾನು ಮಕ್ಕಳನ್ನ ಬೈತೀನಿ," ಎಂದರು.

"ಮತ್ತೆ ನಿಮಗೇನಾಗಿದೆ ಇವತ್ತು?"

ಅವರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಬೆಳಿಗ್ಗೆಯಿಂದ ತಲೆನೇ ಓಡ್ತಿಲ್ಲ ರೀ. ನಾಳೆ ನೀವು ಪರೀಕ್ಷೆ ಬರೀತೀರ. ಪಾಸೂ ಆಗ್ತೀರ, ಅದರಲ್ಲಿ ಅನುಮಾನ ಇಲ್ಲ. ಆಮೇಲೆ ಮಧ್ಯಾಹ್ನ ಆದ್ರೆ ನಾನೆಲ್ಲಿಗೆ ಹೋಗಲಿ?"

ಅಯ್ಯೋ, ಇವರಿಗೂ ಅದೇ ಸಂಕಟ!

"ಫ್ಯಾಕ್ಟರಿ ಗೇಟಿಗೆ ಬನ್ನಿ," ಎಂದೆ.

"ಗೇಟಿನವನು ಸುಮ್ನೆ ಬಿಡ್ತಾನಾ? ಯಾರು ಬೇಕು ಅಂತ ಕೇಳ್ತಾನೆ. ಏನನ್ಲಿ?"

"ಹೆಂಡ್ತಿ ಬೇಕು ಅನ್ನಿ."

ಮೂಲೆಯಲ್ಲಿ ಮೆಷಿನ್ ನಿಂತುಹೋಯಿತು. ಮೇಷ್ಟ್ರು ನನ್ನನ್ನೇ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇನ್ನೊಂದ್ಸಲ ಹೇಳಿ," ಎಂದರು ಮೆಲ್ಲಗೆ.

"ಆಗಲ್ಲ. ಇದ್ದಬದ್ದ ಧೈರ್ಯ ಎಲ್ಲ ಖರ್ಚಾಗೋಯ್ತು."

"ಅಯ್ಯೋ ಮೇಷ್ಟ್ರೇ," ಎಂದು ಅತ್ತಿಗೆ ತಡೆಯಲಾರದೆ ಎದ್ದೇ ನಿಂತಳು, "ಹ್ಞೂಂ ಅನ್ನೋಕೂ ಯಾರಾದ್ರೂ ಹೇಳಿಕೊಡಬೇಕಾ?"

ಅವರು ಅತ್ತ ತಿರುಗಲಿಲ್ಲ. ಚಾಕ್‌ಪೀಸಿನ ಪುಡಿ ಮೆತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹ್ಞೂಂ," ಎಂದರು. ಮತ್ತೆ, ಯಾರೂ ಕೇಳದೆಯೇ, ಇನ್ನೊಂದು ಸಲ, "ಹ್ಞೂಂ."