ಬಣ್ಣ ಬಿಡುವ ಕೆಂಪು

ತೊಳೆಯದ ಚೂರನ್ನು ನಾನು ಕೌದಿಗೆ ಸೇರಿಸುವವಳಲ್ಲ. ಹೊಸ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ, ಒಂದು ಚೂರಿನಿಂದ ಇಡೀ ಕೌದಿ ಕೆಡುತ್ತದೆ. ಈ ನೇಮವನ್ನು ಒಂದೇ ಒಂದು ಸಲ ಮುರಿದಿದ್ದೇನೆ. ಬೇಕೆಂದೇ ಮುರಿದೆ, ಎದುರಿನ ಅಂಗಡಿಯ ಟೈಲರ್ ಮೇಲೆ ಸೇಡು ತೀರಿಸಿಕೊಳ್ಳಲು.

ಒಂದು ಕಾಲದಲ್ಲಿ ಅವನು ನನಗಾಗಿಯೇ ಚೂರು ಎತ್ತಿಡುತ್ತಿದ್ದ. ಕತ್ತಿನ ಹತ್ತಿರ ಕತ್ತರಿಸಿದ ಗುಂಡನೆಯ ತುಂಡು, ತೋಳಿನ ಹತ್ತಿರದ ಬಾಗಿದ ತುಂಡು, ಬೆರಳಗಲದ ಅಂಚು. ಒಂದೊಂದನ್ನೂ ಬೆಳಕಿಗೆ ಹಿಡಿದು, "ಇದು ಆಗುತ್ತಾ ನೋಡು" ಅನ್ನುತ್ತಿದ್ದ. ಕಣ್ಣು ಮಾತ್ರ ಬಟ್ಟೆಯ ಮೇಲೆ ಇರುತ್ತಿರಲಿಲ್ಲ. ನಾನೂ ಅಷ್ಟೇ, ಆಗದ ಚೂರಿಗೂ ಆಗುತ್ತೆ ಅನ್ನುತ್ತಿದ್ದೆ.

ಇದು ಅವನ ಅಕ್ಕನ ಕಣ್ಣಿಗೆ ಬಿತ್ತು. ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ ಅವಳು ಬಾಯಿ ಬಿಟ್ಟಳು. "ನಮ್ಮ ಅಂಗಡಿ ಕಸ ಆರಿಸ್ಕೊಂಡು ಹೋಗೋಳು. ಈಗ ಇವಳ ಕಣ್ಣು ನಮ್ಮ ಹುಡುಗನ ಮೇಲೆ ಬಿದ್ದಿದೆ, ನೋಡಿ!"

ನಾನು ಅವನ ಮುಖ ನೋಡಿದೆ. ಒಂದು ಮಾತು ಸಾಕಾಗಿತ್ತು. ಅವನು ತಲೆ ಬಗ್ಗಿಸಿ ಯಾರದೋ ಕೋಟಿನ ತೋಳಿಗೆ ಗುರುತು ಹಾಕುತ್ತಲೇ ಇದ್ದ. ಚೂರು ತುಂಬಿಕೊಂಡಿದ್ದ ಚೀಲವನ್ನು ಅಲ್ಲೇ ಸುರಿದು ಎದ್ದು ಬಂದೆ.

ಆಮೇಲೆ ಎಷ್ಟೋ ದಿನ ಬೀದಿಯಲ್ಲಿ ಎದುರಾದರೂ ಅವನು ಗೋಡೆ, ನಾನು ಕಂಬ. ಒಂದು ದಿನ ಅವನ ಅಕ್ಕನೇ ನನ್ನ ಬಾಗಿಲಿಗೆ ಬಂದಳು. "ಭಾನುವಾರ ನನ್ನ ತಮ್ಮನ್ನ ನೋಡೋಕೆ ಹುಡುಗಿ ಮನೆಯವರು ಬರ್ತಾರೆ. ಮಂಚಕ್ಕೆ ಒಂದು ಕೌದಿ ಹೊಲಿದುಕೊಡು. ಚೂರು ನಮ್ಮದೇ ಕಳಿಸ್ತೀನಿ."

ಗಾಯದ ಮೇಲೆ ಬರೆ ಎಂದರೆ ಇದೇ. ನಾನು ನಗುನಗುತ್ತಲೇ ಒಪ್ಪಿದೆ. ಹೊಸದು ಏನು ತಂದರೂ ಒಮ್ಮೆ ಬಕೆಟ್ಟಿನ ನೀರಿಗೆ ಅದ್ದದೆ ಅವಳು ಹಾಸುವುದಿಲ್ಲ, ಇಡೀ ಬೀದಿಗೆ ಇದು ಗೊತ್ತು. ಚೂರೂ ಅವರದೇ ಆದ್ದರಿಂದ ಯಾರೂ ನನ್ನನ್ನು ಅನ್ನುವಂತಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಚೂರಿನ ಮೂಟೆ ಹೊತ್ತು ತಂದವನು ಅವನೇ.

"ಚೆನ್ನಾಗಿದ್ದೀಯಾ?"

"ಅಲ್ಲಿಡಿ."

"ನೀವು, ಇಡಿ ಅಂತೆಲ್ಲ ಅನ್ನಬೇಡ. ಬೈದುಬಿಡು, ಅದೇ ವಾಸಿ."

"ಹುಡುಗಿ ಹೇಗಿದ್ದಾಳಂತೆ?"

"ನಾನು ನೋಡಿಲ್ಲ. ಎಲ್ಲಾ ಅಕ್ಕಂದೇ ಏರ್ಪಾಡು."

"ನಿಮ್ಮ ಬಾಯಿ ಯಾವತ್ತೂ ಅಕ್ಕನ ಹತ್ತಿರವೇ ಇರುತ್ತೆ ಅಲ್ವಾ?" ಅಂದೆ. ಅವನ ಕಿವಿ ಕೆಂಪಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೂಟೆಯ ತಳದಲ್ಲಿ ಗಂಜಿ ಬಿಡದ, ಗರಿಗರಿ ಕೆಂಪು ಚೂರುಗಳಿದ್ದವು. ಉಳಿದ ಬಣ್ಣಗಳನ್ನೆಲ್ಲ ತೊಳೆದು ಒಣಗಿಸಿದೆ, ಕೆಂಪನ್ನು ಹಾಗೇ ಬಿಟ್ಟೆ. ತೀರಾ ಪುಡಿ ಚೂರುಗಳನ್ನು ಹಳೆಯ ದುಪ್ಪಟಿಗಳ ನಡುವೆ ತುಂಬಿದೆ. ಬಿಳಿ ಪಟ್ಟಿಗಳನ್ನು ಚೌಕಗಳಾಗಿ ಜೋಡಿಸಿ ಒಂದೊಂದರ ನಡುವೆಯೂ ಒಂದು ಕೆಂಪು ಇಟ್ಟೆ. ಕೈ ಒಮ್ಮೆ ಹಿಂಜರಿಯಿತು. ಅಷ್ಟು ಚೆಂದದ ಕೌದಿಯನ್ನು ನಾನು ಅದುವರೆಗೆ ಹೊಲಿದಿರಲಿಲ್ಲ. ಆದರೂ ಬಗ್ಗಿದ ಆ ತಲೆ ನೆನಪಾದಾಗಲೆಲ್ಲ ಸೂಜಿ ತಾನಾಗಿ ಓಡಿತು.

ಶನಿವಾರ ಅವನು ತೆಗೆದುಕೊಂಡು ಹೋಗಲು ಬಂದ. ಕೌದಿಯ ಮೇಲೆ ಮೆಲ್ಲಗೆ ಕೈಯಾಡಿಸಿದವನು ಕೆಂಪಿನ ಮೇಲೆ ನಿಂತುಬಿಟ್ಟ. ಟೈಲರ್ ಕೈಗೆ ಗಂಜಿ ತಿಳಿಯದೇ ಇರುತ್ತದೆಯೇ? ಬೆರಳನ್ನು ನಾಲಿಗೆಗೆ ಮುಟ್ಟಿಸಿ ಬಟ್ಟೆಗೆ ಒತ್ತಿದ. ಬೆರಳು ಕೆಂಪಾಯಿತು.

"ತೊಳೆದಿಲ್ಲ ಇದನ್ನ."

"ಇಲ್ಲ."

"ಬೇಕಂತಲೇ?"

"ಬೇಕಂತಲೇ."

ಅವನು ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. "ನಗ್ತೀರಾ? ಆವತ್ತು ನಿಮ್ಮ ಬಾಯಿಗೆ ಏನಾಗಿತ್ತು?"

"ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದೆ."

"ಉಗೀಬಹುದಿತ್ತಲ್ಲ!"

ಅವನ ನಗು ಇಳಿಯಿತು. "ಉಗೀಬಹುದಿತ್ತು. ಅಕ್ಕನೇ ಸಾಕಿದ್ದು ನನ್ನ. ಎದುರು ಮಾತಾಡೋಕೆ ಧೈರ್ಯ ಬರಲಿಲ್ಲ. ಸೂಜಿ ನೆಪ ಆಯ್ತು."

ಸುಳ್ಳು ಹೇಳಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವನು ನಿಜವನ್ನೇ ಹೇಳಿದ್ದರಿಂದ ಕೌದಿಯನ್ನು ಮಡಚಿ ಅವನ ಕೈಗಿಟ್ಟೆ. ಅವನು ಕೌದಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದ. ಕೆಂಪನ್ನು ಬಿಚ್ಚಿ ಗುಟ್ಟಾಗಿ ಬೇರೆ ಚೂರು ಹಾಕುತ್ತಾನೆ, ನನ್ನ ಸೇಡು ನೀರುಪಾಲು ಎಂದುಕೊಂಡು ನಾನೂ ಹಿಂದೆಯೇ ಓಡಿದೆ.

ಅವನು ಅಂಗಡಿಯೊಳಗೆ ಹೋಗಲೇ ಇಲ್ಲ. ಅಂಗಡಿ ಮುಂದಿನ ನಲ್ಲಿಯ ಕೆಳಗೆ, ಎಲ್ಲರ ಕಣ್ಣೆದುರಿಗೆ, ಕೌದಿಯನ್ನು ದೊಡ್ಡ ಟಬ್ಬಿಗೆ ಅದ್ದಿದ. ನೀರು ಕೆಂಪಾಯಿತು, ಬಿಳಿ ಪಟ್ಟಿಗಳು ಕೆಂಪಾದವು, ಅವನ ಅಂಗಿಯ ತೋಳೂ ಕೆಂಪಾಯಿತು.

ಅಕ್ಕ ಹೊರಗೆ ಓಡಿಬಂದಳು. "ಅಯ್ಯೋ, ಹಾಳಾಯ್ತಲ್ಲೋ! ಎಂಥಾ ಚೂರು ಹಾಕಿದ್ದೀಯೇ ನೀನು?"

"ನಮ್ಮದೇ ಚೂರು ಅಕ್ಕ," ಅಂದ ಅವನು. ಈ ಸಲ ತಲೆ ಬಗ್ಗಿಸಲಿಲ್ಲ. "ಅವಳು ಬೇಕಂತಲೇ ಹಾಕಿದ್ದಾಳೆ. ನೀನು ಆವತ್ತು ಅವಳನ್ನ ಕಸ ಆರಿಸೋಳು ಅಂದೆ, ನಾನು ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ಇದು ನನಗೆ ತಕ್ಕ ಶಾಸ್ತಿ. ನಾಳೆ ಬರೋರಿಗೆ ಬರಬೇಡಿ ಅಂತ ನಾನೇ ಹೇಳ್ತೀನಿ. ನನಗೆ ಬೇಕಾಗಿರೋಳು ಇವಳು. ಇವಳಿಗೆ ನಾನು ಬೇಕೋ ಬೇಡವೋ, ಅದು ಬೇರೆ ಮಾತು."

ಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅಕ್ಕನ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಮುಖ ನೋಡಿ ನನಗಾದ ಸುಖವನ್ನು ಮುಚ್ಚಿಟ್ಟರೆ ತಪ್ಪಾದೀತು.

ಅವನು ನನ್ನ ಕಡೆ ತಿರುಗಿದ. "ಸೇಡು ತೀರಿತಾ?"

"ಇಷ್ಟಕ್ಕೇನಾ? ನಿನ್ನ ಜೊತೆ ಇಡೀ ಜನ್ಮ ಸಂಸಾರ ಮಾಡಿದ್ರೂ ತೀರೋದು ಅನುಮಾನ," ಅಂದೆ.

ನೆನೆದ ಕೌದಿಯನ್ನು ಒಬ್ಬರೇ ಹಿಂಡಲಾಗದು. ಅವನು ಒಂದು ತುದಿ ಹಿಡಿದ, ನಾನು ಇನ್ನೊಂದು ಹಿಡಿದೆ. ಅವನು ಮುಗ್ಗರಿಸುವಂತೆ ಜೋರಾಗಿ ತಿರುಚಿದೆ.

"ನಿಧಾನ ಕಣೇ, ಹೊಲಿಗೆ ಬಿಚ್ಚೀತು!" ಅಭ್ಯಾಸಬಲದಿಂದ ಅಕ್ಕ ಕೂಗಿದಳು.

"ನನ್ನ ಹೊಲಿಗೆ ಬಿಚ್ಚಲ್ಲ, ಅಕ್ಕಾ," ಅಂದು ಇನ್ನೊಂದು ಸುತ್ತು ತಿರುಚಿದೆ.